ಮೂರು ಸೈಕಲ್ಲು, ಒಂದು ಮೀಟರು

ಆರಿಸುವುದು ಎಂಬ ಕೆಲಸವನ್ನು ದೇವರು ಬೇರೆಯವರಿಗೆಂದೇ ಮಾಡಿಟ್ಟಿದ್ದಾನೆ ಎಂದು ನಾನು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇನೆ. ಹಾಗೆ ನಂಬಲು ನನಗೆ ಕಾರಣವೂ ಇದೆ. ನನ್ನದು ಕನ್ನಡಕದ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಜನರನ್ನು ಅರೆಗತ್ತಲ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಲೋಹದ ಚೌಕಟ್ಟು ಏರಿಸಿ, ಅದರೊಳಗೆ ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಗಾಜು ಹಾಕಿ, "ಈಗ ಚೆನ್ನಾಗಿ ಕಾಣುತ್ತೋ, ಆಗ ಚೆನ್ನಾಗಿ ಕಾಣ್ತಿತ್ತೋ?" ಎಂದು ಕೇಳುವುದೇ ನನ್ನ ಹೊಟ್ಟೆಪಾಡು. ಎದುರು ಕೂತವರು ಪಾಪ, ಕಣ್ಣು ಕಿರಿದು ಮಾಡಿಕೊಂಡು ಒದ್ದಾಡುತ್ತಾರೆ. ನಾನು ಆರಾಮವಾಗಿ ನಿಂತಿರುತ್ತೇನೆ. ನಾಳೆ ಕನ್ನಡಕ ಸರಿಹೋಗದಿದ್ದರೆ "ನೀವೇ ಅಲ್ವಾ ಅದು ಚೆನ್ನಾಗಿದೆ ಅಂದಿದ್ದು?" ಎಂದುಬಿಡಬಹುದು. ಹೀಗೆ ಸುತ್ತಿನ ಅರ್ಧ ಸೀಮೆಗೆ ಆರಿಸುವ ಕಷ್ಟ ಕೊಟ್ಟು ನಾನು ಮಾತ್ರ ಅದರಿಂದ ತಪ್ಪಿಸಿಕೊಂಡಿದ್ದೆ. ಬಟ್ಟೆ ಅಂಗಡಿಯಲ್ಲಿ ಎರಡು ಅಂಗಿ ಮುಂದೆ ಹರವಿದರೆ ನನಗೆ ಬೆವರು ಕಿತ್ತುಕೊಳ್ಳುತ್ತದೆ. ನನ್ನ ಅಂಗಿ, ಚಪ್ಪಲಿ, ಕೊನೆಗೆ ಹೋಟೆಲಿನಲ್ಲಿ ನಾನು ತಿನ್ನಬೇಕಾದ ತಿಂಡಿ, ಎಲ್ಲವನ್ನೂ ನನ್ನ ಹೆಂಡತಿ ಜಯಶೀಲಳೇ ಆರಿಸುತ್ತಾಳೆ. ನಾನಾಗಿಯೇ ಆರಿಸಿಕೊಂಡದ್ದು ಅಂದರೆ ನನ್ನ ಸೈಕಲ್ಲುಗಳು. ಅವು ಮೂರಿವೆ. ಒಂದನ್ನು ಆರಿಸಲು ಆಗದ್ದಕ್ಕೇ ಮೂರಾದವು ಎಂದು ಅವಳು ಬಂದವರಿಗೆಲ್ಲ ಹೇಳುತ್ತಾಳೆ. ಅದು ಪೂರ್ತಿ ನಿಜವಲ್ಲ.

ನನಗೆ ಮೂರು ಊರಿನಲ್ಲಿ ಅಂಗಡಿ ಇದೆ. ಮನೆ ಮತ್ತು ದೊಡ್ಡ ಅಂಗಡಿ ಕಡೂರಿನಲ್ಲಿ. ವಾರಕ್ಕೆರಡು ದಿನ ತರೀಕೆರೆ, ಒಂದು ದಿನ ಅಜ್ಜಂಪುರ. ಎಲ್ಲಿದ್ದರೂ ಅಂಗಡಿಯ ಬಾಗಿಲು ತೆರೆಯುವ ಮುಂಚೆ ಒಂದಿಷ್ಟು ದೂರ ಸೈಕಲ್ ತುಳಿದು ಬರದಿದ್ದರೆ ನನಗೆ ಆ ದಿನ ಯಾರ ಮುಖವನ್ನೂ ನೋಡಬೇಕೆನಿಸುವುದಿಲ್ಲ. ನಾನು ಹೇಳುತ್ತಿರುವುದು ಹಾಲು ತರುವ ಸೈಕಲ್ಲಲ್ಲ. ಬಗ್ಗಿದ ಹ್ಯಾಂಡಲ್ಲು, ಬೆರಳು ದಪ್ಪದ ಟೈರು, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲದ ರೋಡ್ ಬೈಕು. ಅದನ್ನು ಬಸ್ಸಿನಲ್ಲಿ ಹಾಕಿಕೊಂಡು ಹೋಗೋಣವೆಂದರೆ ಕಂಡಕ್ಟರು ಮೊದಲ ದಿನವೇ "ಇದೇನ್ ಸಾರ್, ತಲೆ ಮೇಲ್ ಹೊತ್ಕೊಂಡ್ ಬತ್ತೀರಾ?" ಎಂದು ಕೆಳಗಿಳಿಸಿದ. ಹಾಗಾಗಿ ಊರಿಗೊಂದು. ಕಡೂರಿನಲ್ಲಿರುವುದು ಡಿಸ್ಕ್ ಬ್ರೇಕಿನ ಕಾರ್ಬನ್ನು, ಎತ್ತಿದರೆ ಕಿರುಬೆರಳಿಗೆ ಬರುತ್ತದೆ. ತರೀಕೆರೆಯದು ಅಲ್ಯುಮಿನಿಯಮ್ಮು, ಅಲ್ಲಿ ನನ್ನ ಅಂಗಡಿಯ ಪಕ್ಕದಲ್ಲೇ ಫೋಟೋ ಸ್ಟುಡಿಯೋ ಇಟ್ಟಿರುವ ರಿಯಾಜ್ ಭಾಯಿಯ ಹಿಂದಿನ ಕೋಣೆಯಲ್ಲಿ, ಮದುಮಕ್ಕಳ ಹಿಂದೆ ತೂಗುಹಾಕುವ ಜಲಪಾತದ ಪರದೆಗೆ ಒರಗಿಕೊಂಡಿರುತ್ತದೆ. ಅಜ್ಜಂಪುರದ್ದು ಹಳೇ ಉಕ್ಕಿನದು. ಜಯಶೀಲಳ ಅಣ್ಣ ನಂಜುಂಡಣ್ಣನ ಹಾರ್ಡ್‌ವೇರ್ ಅಂಗಡಿಯ ಗೋಡೌನಿನಲ್ಲಿ ಪೈಪುಗಳ ಜೊತೆ ನಿಂತಿರುತ್ತದೆ. ಮೂರು ಸೈಕಲ್ ಇರುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಕಡೂರಿನಲ್ಲಿ ಏದುಸಿರು ಬಂದರೆ "ಅಜ್ಜಂಪುರದ ಸೈಕಲ್ಲೇ ವಾಸಿ" ಅನ್ನಬಹುದು, ಅಜ್ಜಂಪುರದಲ್ಲಿ ಹಿಂದೆ ಬಿದ್ದರೆ "ಈ ಉಕ್ಕಿನ ಭಾರ ಯಾರು ಎಳೀತಾರೆ?" ಅನ್ನಬಹುದು. ಇಷ್ಟು ವರ್ಷ ತಪ್ಪು ಯಾವತ್ತೂ ನನ್ನ ಹತ್ತಿರ ಬಂದದ್ದೇ ಇಲ್ಲ.

ಹೋದ ವರ್ಷ ಒಂದು ಬೆಳಗ್ಗೆ ಎಮ್ಮೆದೊಡ್ಡಿ ಕಾವಲಿನ ಹತ್ತಿರ ನನ್ನ ಎದೆ ಹಿಡಿದುಕೊಂಡಿತು. ರಸ್ತೆಗೆ ಅಡ್ಡ ಮಲಗಿದ್ದ ಅಮೃತಮಹಲ್ ದನಗಳು ಏಳಲಿ ಎಂದು ಕಾಲೂರಿ ನಿಂತಿದ್ದೆ. ದನಗಳು ಎದ್ದು ಹೋದವು, ನನಗೆ ಮಾತ್ರ ಮುಂದೆ ಹೋಗಲಾಗಲಿಲ್ಲ. ಸ್ವಲ್ಪ ಹೊತ್ತು ಮರದ ಬುಡದಲ್ಲಿ ಕೂತೆ, ನೀರು ಕುಡಿದೆ, ಆಮೇಲೆ ಅದೇ ಸೈಕಲ್ ತುಳಿದುಕೊಂಡೇ ಮನೆಗೆ ಬಂದೆ. ಈ ಕೊನೆಯ ಸಂಗತಿಯನ್ನು ಜಯಶೀಲ ಇವತ್ತಿಗೂ ಕ್ಷಮಿಸಿಲ್ಲ. ಸ್ಟೆಂಟ್ ಹಾಕಿ ವಾರ್ಡಿಗೆ ತಂದಾಗ ಅವಳು ಕೇಳಿದ ಮೊದಲ ಮಾತೇ ಅದು. "ಫೋನಿರ್ಲಿಲ್ವೇನ್ರೀ ಜೇಬಲ್ಲಿ? ಎದೆನೋವು ಇಟ್ಕೊಂಡು ತುಳ್ಕೊಂಡು ಬಂದ್ರಲ್ಲ, ದಾರೀಲಿ ಬಿದ್ದಿದ್ರೆ ದನಗಳು ನಂಗೆ ಸುದ್ದಿ ತಲುಪಿಸ್ತಿದ್ವಾ?" ಎಂದು ಕೇಳಿ, ಬೈಯುತ್ತ ಬೈಯುತ್ತಲೇ ಅತ್ತುಬಿಟ್ಟಳು. ಸೈಕಲ್ಲನ್ನು ಅಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂದು ಹೇಳುವ ಹೊತ್ತು ಅದಾಗಿರಲಿಲ್ಲ.

ಇನ್ನು ಸೈಕಲ್ ಕಥೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಶಿವಮೊಗ್ಗದ ನಮ್ಮ ಡಾಕ್ಟರು ಸ್ವತಃ ಸೈಕಲ್ ತುಳಿಯುವವರು. ಕೆಲವು ತಿಂಗಳಾದ ಮೇಲೆ ಓಡಿಸಿ, ನಡೆಸಿ, ಎದೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿ, "ಧಾರಾಳವಾಗಿ ತುಳಿಯಿರಿ, ಒಳ್ಳೇದು. ಆದ್ರೆ ಮಿತಿ ಇರ್ಲಿ" ಎಂದರು. ಜಯಶೀಲ ಕುರ್ಚಿಯ ತುದಿಗೆ ಬಂದು ಕೂತಳು. "ಮಿತಿ ಅಂದ್ರೆ ಎಷ್ಟು ಡಾಕ್ಟ್ರೇ? ಇವ್ರು ಎಷ್ಟು ಹೋದ್ರೂ ನಿಧಾನಕ್ಕೇ ಹೋಗಿದ್ದೆ ಅಂತಾರೆ." ನಾಡಿ ನೋಡಿಕೊಂಡು ಹೋಗೋಣವೆಂದರೆ ಆಗದಂತೆ, ನಾನು ನುಂಗುವ ಮಾತ್ರೆ ನಾಡಿಯನ್ನು ಕಟ್ಟಿಹಾಕುತ್ತದೆ, ಎಷ್ಟು ತುಳಿದರೂ ಅದು ಏರುವುದಿಲ್ಲ, ಅದನ್ನು ನಂಬುವ ಹಾಗಿಲ್ಲ. ಡಾಕ್ಟರು ಯೋಚಿಸಿ, "ಪವರ್ ಮೀಟರ್ ಹಾಕಿಸ್ಕೊಳ್ಳಿ. ಕಾಲು ಎಷ್ಟು ಬಲ ಹಾಕ್ತಿದೆ ಅಂತ ವಾಟ್ ಲೆಕ್ಕದಲ್ಲಿ ತೋರ್ಸುತ್ತೆ. ನೂರಾ ಎಂಬತ್ತು ದಾಟ್ಬೇಡಿ. ದಾಟಿದ್ರೆ ಕೂಗೋ ಹಾಗೆ ಇಟ್ಕೊಳ್ಳಿ" ಎಂದರು. ಜಯಶೀಲಳಿಗೆ ಬೇಕಾಗಿದ್ದೂ ಅಂಥದ್ದೇ ಒಂದು ಯಂತ್ರ, ನಾನು ಸುಳ್ಳು ಹೇಳಿದರೆ ಕೂಗುವಂಥದ್ದು. ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಅವಳ ಕಾನೂನು ಜಾರಿಗೆ ಬಂದಿತ್ತು: "ಮೀಟರಿಲ್ದಿರೋ ಸೈಕಲ್ ಮೇಲೆ ಕಾಲಿಡೋ ಹಂಗಿಲ್ಲ. ಕಡೂರಲ್ಲೂ ಅಷ್ಟೇ, ತರೀಕೆರೇಲೂ ಅಷ್ಟೇ, ನಮ್ಮಣ್ಣನ ಗೋಡೌನಲ್ಲೂ ಅಷ್ಟೇ."

ನನಗೂ ಒಳಗೊಳಗೇ ಸಿಟ್ಟು ಬಂದಿತ್ತು ಅನ್ನಿ. ನೂರಾ ಎಂಬತ್ತಂತೆ! ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ಕಲ್ಲತ್ತಿಗಿರಿಯವರೆಗೆ ಎಷ್ಟು ಸಲ ಹತ್ತಿದವನು ನಾನು. ಇಂಟರ್‌ನೆಟ್ಟಿನಲ್ಲಿ ನೋಡಿದರೆ ಯಾರೋ ಹುಡುಗರು ಮುನ್ನೂರು ವಾಟ್ ತುಳಿಯುತ್ತ ಜೊತೆಗೆ ಮಾತನ್ನೂ ಆಡುತ್ತಾರೆ. ನನ್ನದು ಮುನ್ನೂರು ಇರಲಾರದು, ಅಷ್ಟು ಅಹಂಕಾರ ನನಗಿಲ್ಲ. ಇನ್ನೂರ ಐವತ್ತು ಇದ್ದೇ ಇರುತ್ತದೆ ಎಂದುಕೊಂಡೆ. ಇನ್ನೂರ ಐವತ್ತರ ಗಂಡಸನ್ನು ನೂರಾ ಎಂಬತ್ತಕ್ಕೆ ಕಟ್ಟಿಹಾಕಿದರೆ ಹೇಗಿರುತ್ತದೆ? ಆದ್ದರಿಂದ ನಾನು ಕೊಳ್ಳುವ ಮೀಟರು ಒಂದು ವಾಟ್ ಕೂಡ ಜಾಸ್ತಿ ತೋರಿಸಬಾರದು, ನನಗೆ ಸಲ್ಲಬೇಕಾದ ಒಂದು ವಾಟನ್ನೂ ನುಂಗಬಾರದು ಎಂದು ತೀರ್ಮಾನಿಸಿ ಹುಡುಕಲು ಕೂತೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಈ ಮೀಟರು ಸೈಕಲ್ಲಿನ ಯಾವ ಅಂಗದಲ್ಲಿ ಬೇಕಾದರೂ ಇರಬಹುದು. ಪೆಡಲ್ ಸಿಕ್ಕಿಸುವ ಸರಳಿರುತ್ತದಲ್ಲ, ಕ್ರ್ಯಾಂಕು, ಅದರಲ್ಲಿರುವುದು ಒಂದು ಜಾತಿ. ಅದು ಭದ್ರ, ನಂಬಿಗಸ್ತ. ಆದರೆ ನನ್ನ ಮೂರು ಸೈಕಲ್ಲಿನ ಕ್ರ್ಯಾಂಕು ಮೂರು ಥರ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೆ ಇರುವುದು ಇನ್ನೊಂದು ಜಾತಿ. ಚಕ್ರವನ್ನೇ ಬಿಚ್ಚಿ ಒಂದರಿಂದ ಇನ್ನೊಂದಕ್ಕೆ ಹಾಕಿಕೊಳ್ಳಬಹುದು ಎಂದು ಖುಷಿಪಟ್ಟೆ. ಕಡೂರಿನದಕ್ಕೆ ಡಿಸ್ಕ್ ಬ್ರೇಕು, ಉಳಿದ ಎರಡಕ್ಕೆ ರಿಮ್ ಬ್ರೇಕು, ಚಕ್ರವೇ ಬೇರೆ ಜಾತಿ, ಅಲ್ಲಿಗೆ ಅದೂ ಹೋಯಿತು. ಮೂರನೆಯದು ಪೆಡಲಿನೊಳಗೆ ಇರುವುದು. ಪೆಡಲಿನ ತಿರುಪು ಎಲ್ಲ ಸೈಕಲ್ಲಿಗೂ ಒಂದೇ. ಬಿಚ್ಚು, ಜೇಬಿಗೆ ಹಾಕು, ಮುಂದಿನ ಊರಿನಲ್ಲಿ ಸಿಕ್ಕಿಸು. ಸರಿ, ಅಷ್ಟಕ್ಕೆ ಮುಗಿಯಿತೇ? ಇಲ್ಲ. ಎರಡೂ ಪೆಡಲಿನಲ್ಲಿ ಅಳೆಯುವುದು ಬೇಕೋ, ಎಡದ ಪೆಡಲಿನಲ್ಲಿ ಮಾತ್ರ ಅಳೆದು ಎರಡರಿಂದ ಗುಣಿಸಿ ಹೇಳುವುದು ಸಾಕೋ? ಚಾರ್ಜ್ ಮಾಡುವುದೋ, ಬ್ಯಾಟರಿ ಬದಲಿಸುವುದೋ? ಒಬ್ಬ ಬಿಳಿಯ ಗಡ್ಡದವನು ವೀಡಿಯೋದಲ್ಲಿ "ಪೆಡಲ್ ಮೀಟರ್ ಬಿಟ್ಟು ಬೇರೇದು ತಗೊಂಡವರು ಮೂರ್ಖರು" ಎನ್ನುತ್ತಾನೆ, ಮುಂದಿನ ವೀಡಿಯೋದಲ್ಲಿ ಅವನಷ್ಟೇ ಗಡ್ಡ ಇರುವ ಇನ್ನೊಬ್ಬ "ಪೆಡಲ್ ಮೀಟರ್ ತಗೊಂಡು ನಾನು ಕೆಟ್ಟೆ" ಎಂದು ಅಳುತ್ತಾನೆ. ಇಬ್ಬರನ್ನೂ ನೋಡಿ ನೋಡಿ ನನ್ನ ತಲೆ ಚಿಟ್ಟು ಹಿಡಿಯಿತು.

ಊರಿನವರನ್ನು ಕೇಳೋಣವೆಂದರೆ, ಕನ್ನಡಕದವನು ಪವರ್ ಅಳೆಯುವ ಮೀಟರ್ ಹುಡುಕುತ್ತಿದ್ದಾನೆ ಎಂದಾಗ ಅಂಗಡಿಯಲ್ಲಿ ಹೊಸ ಮಷಿನ್ ಬರುತ್ತಿದೆ ಎಂದುಕೊಂಡು ನಾಲ್ಕು ಜನ ಕಣ್ಣು ತೋರಿಸುವುದನ್ನೇ ಮುಂದೆ ಹಾಕಿದರು. ರಿಯಾಜ್ ಭಾಯಿಗೆ ಮಾತ್ರ ವಿಷಯ ಪೂರ್ತಿ ಗೊತ್ತಿತ್ತು. ಅವನೂ ಒಂದು ಕಾಲದಲ್ಲಿ ನನ್ನ ಜೊತೆ ಲಿಂಗದಹಳ್ಳಿವರೆಗೆ ತುಳಿಯುತ್ತಿದ್ದವನು, ಈಗ ಹೊಟ್ಟೆ ಅಡ್ಡ ಬಂದು ಬಿಟ್ಟಿದ್ದಾನೆ. ನಾನು ತರೀಕೆರೆಗೆ ಹೋದ ದಿನವೆಲ್ಲ ಚಹಾ ತರಿಸಿ, ನನ್ನ ಫೋನಿನಲ್ಲಿದ್ದ ಒಂದೊಂದೇ ಮೀಟರನ್ನು ನೋಡಿ ತನ್ನ ತೀರ್ಪು ಕೊಡುತ್ತಿದ್ದ. "ಇದು ನಕ್ಕೋ ಸಾರ್, ಫೋಟೋದಲ್ಲೇ ಸಪ್ಪೆ ಇದೆ... ಇದೂ ನಕ್ಕೋ... ಹಾಂ, ಇದು ಫಸ್ಟ್ ಕ್ಲಾಸ್!" ಮುಂದಿನ ಸಲ ಹೋದಾಗ ಅದೇ ಫಸ್ಟ್ ಕ್ಲಾಸನ್ನು ತೋರಿಸಿದರೆ "ನಕ್ಕೋ" ಎನ್ನುತ್ತಿದ್ದ. ಅಜ್ಜಂಪುರದ ನಂಜುಂಡಣ್ಣ ಹಾರ್ಡ್‌ವೇರ್ ಕಣ್ಣಿನಿಂದ ನೋಡಿ, "ಬಾವ, ಇಷ್ಟು ತಲೆ ಯಾಕ್ ಕೆಡಿಸ್ಕಂತೀರಾ? ಎರಡು ಮಾರಿ ಒಂದು ಇಟ್ಕಳಿ, ಒಂದಕ್ಕೆ ಒಂದು ಮೀಟರು. ಮುಗೀತಲ್ಲ" ಎಂದ. ಬುದ್ಧಿವಂತಿಕೆಯ ಮಾತೇ. ಆದರೆ ಯಾವುದನ್ನು ಇಟ್ಟುಕೊಳ್ಳುವುದು ಎಂದು ಆರಿಸಬೇಕಾಗುತ್ತಿತ್ತು. ಅದಕ್ಕಿಂತ ಮೀಟರ್ ಆರಿಸುವುದೇ ಸುಲಭ ಎಂದು ಹಿಂದಕ್ಕೆ ಬಂದೆ.

ಹೀಗೆ ಮೀನಮೇಷ ಎಣಿಸುತ್ತ ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು. ಸೈಕಲ್ಲುಗಳ ಟೈರಿನಿಂದ ಗಾಳಿ ಇಳಿಯಿತು. ಉಕ್ಕಿನದರ ಮೇಲೆ ಗೋಡೌನಿನ ಸಿಮೆಂಟಿನ ಧೂಳು ಕೂತಿತು, ತರೀಕೆರೆಯದನ್ನು ರಿಯಾಜ್ ಭಾಯಿ ಯಾರದೋ ಮಗುವಿನ ಹುಟ್ಟುಹಬ್ಬದ ಫೋಟೋಗೆ ಬಲೂನು ಕಟ್ಟಿ ನಿಲ್ಲಿಸಿದ. ನಾನು ಬೆಳಗ್ಗೆ ಎದ್ದು ಸುಮ್ಮನೆ ಜಗಲಿಯ ಮೇಲೆ ಕೂರುತ್ತಿದ್ದೆ. ಜಯಶೀಲ ಇದನ್ನೆಲ್ಲ ನೋಡುತ್ತಲೇ ಇದ್ದಳು. ಒಂದು ದಿನ ಕಾಫಿ ಲೋಟ ಕುಕ್ಕಿ, "ನೋಡ್ರೀ, ದೀಪಾವಳಿ ಹೊತ್ಗೆ ಒಂದು ತೀರ್ಮಾನ ಆಗ್ಲಿಲ್ಲ ಅಂದ್ರೆ ಮೂರೂ ಗುಜರಿಯವನಿಗೆ ಹಾಕ್ತೀನಿ. ಹೀಗೆ ಮಂಕಾಗಿ ಕೂತ್ಕೊಂಡಿರೋದನ್ನ ನಂಗೆ ನೋಡಕ್ಕಾಗಲ್ಲ" ಎಂದಳು. ಅವಳು ಆಡಿದ್ದನ್ನು ಮಾಡುವವಳು. ನಮ್ಮ ಮನೆಯ ಹಳೇ ಟಿವಿ, ಹಳೇ ಸೋಫಾ, ನನ್ನ ಹಳೇ ಸ್ನೇಹಿತನೊಬ್ಬ, ಮೂವರೂ ಅವಳು ಹೇಳಿದ ದಿನವೇ ಹೊರಗೆ ಹೋಗಿದ್ದಾರೆ.

ಹಬ್ಬದ ಹಿಂದಿನ ವಾರ, ಅಂಗಡಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಅವಳು ಬಂದವಳೇ ನನ್ನನ್ನು ಪರೀಕ್ಷೆಯ ಕುರ್ಚಿಗೆ ತಳ್ಳಿದಳು. ಮೂಗಿನ ಮೇಲೆ ಚೌಕಟ್ಟು ಏರಿಸಿದಳು. ಮೂವತ್ತು ವರ್ಷದಲ್ಲಿ ನಾನು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅವಳು ನನ್ನ ಫೋನನ್ನು ಎದುರಿಗೆ ಹಿಡಿದು, ನಾನು ಗಿರಾಕಿಗಳಿಗೆ ಕೇಳುವ ಧಾಟಿಯಲ್ಲೇ ಶುರುಮಾಡಿದಳು. "ಇದು ಚೆನ್ನಾಗಿದ್ಯೋ, ಇದು ಚೆನ್ನಾಗಿದ್ಯೋ?" "ಎರಡನೇದು... ಇಲ್ಲ, ತಡಿ." "ತಡಿಯೋದಿಲ್ಲ. ಇದೋ, ಇದೋ?" "ಮೊದಲನೇದು." "ಈಗ?" "ಎರಡನೇದು ಸ್ವಲ್ಪ ವಾಸಿ." ಅವಳು ಫೋನ್ ಕೆಳಗಿಟ್ಟಳು. "ಕೊನೇಲಿ ಎರಡು ಸಲಾನೂ ಒಂದೇ ತೋರ್ಸಿದ್ದು. ಅದನ್ನೇ ತರ್ಸಿ." ಇದು ನನ್ನದೇ ವಿದ್ಯೆ. ಗಿರಾಕಿಗೆ ನಿಜವಾಗಿಯೂ ವ್ಯತ್ಯಾಸ ಕಾಣುತ್ತಿದೆಯೋ, ಸುಮ್ಮನೆ ಹೇಳುತ್ತಿದ್ದಾರೋ ತಿಳಿಯಲು ಒಂದೇ ಗಾಜನ್ನು ಎರಡು ಸಲ ಹಾಕಿ ಕೇಳುವುದುಂಟು. ಅದನ್ನು ಅವಳಿಗೆ ಹೇಳಿಕೊಟ್ಟವನೂ ನಾನೇ. ಆದರೂ ಒಂದು ಉಳಿದಿತ್ತು. "ಎಡಗಡೆ ಒಂದಕ್ಕೇ ಇರೋದೋ, ಎರಡೂ ಕಡೆ ಇರೋದೋ?" ಎಂದು ಕೇಳಿದೆ. ಅವಳು ನನ್ನನ್ನು ನೋಡಿದ ರೀತಿಯಲ್ಲಿ ಕರುಣೆಯೂ ಇತ್ತು. "ಹೃದಯ ಯಾವ್ ಕಡೆ ಇರೋದ್ರೀ?" "ಎಡಗಡೆ." "ಮತ್ತೆ? ಎಡಗಾಲಿಗಿದ್ರೆ ಸಾಕು." ವೈದ್ಯಶಾಸ್ತ್ರದ ಪ್ರಕಾರ ಇದಕ್ಕೆ ಏನಾದರೂ ಹೇಳಬಹುದಿತ್ತು. ನನಗೆ ಸಾಕಾಗಿತ್ತು. ತರಿಸಿಬಿಟ್ಟೆ.

ಮೀಟರು ಬಂತು. ಎರಡು ಪೆಡಲು, ಅದರಲ್ಲಿ ಎಡದ್ದು ಮಾತ್ರ ಬುದ್ಧಿ ಇರುವಂಥದ್ದು. ಎರಡನ್ನೂ ತಂಪು ಕನ್ನಡಕದ ದೊಡ್ಡ ಡಬ್ಬಿಯೊಳಗೆ ಇಟ್ಟುಕೊಂಡು, ಜೊತೆಗೊಂದು ಬಿಚ್ಚುವ ಸ್ಪ್ಯಾನರು ಹಿಡಿದುಕೊಂಡು, ಊರಿಂದೂರಿಗೆ ತಿರುಗತೊಡಗಿದೆ. ಮೊದಲ ಸವಾರಿ ಅಜ್ಜಂಪುರದಲ್ಲೇ ಆಗಲಿ, ಆ ದಾರಿ ಸಮತಟ್ಟು ಎಂದಳು ಜಯಶೀಲ. ಅಲ್ಲಿ ಹೋಗಿ ಹಳೇ ಪೆಡಲು ಬಿಚ್ಚಲು ಕೂತರೆ ಬಲಗಡೆಯದು ಬಂತು, ಎಡಗಡೆಯದು ಜಪ್ಪಯ್ಯ ಅನ್ನಲಿಲ್ಲ. ನಂಜುಂಡಣ್ಣ ಬಂದ. "ಸರೀರಿ, ನೀವು ಗಾಜು ಹಿಡಿಯೋರು" ಎಂದು ಸ್ಪ್ಯಾನರಿಗೆ ಒಂದು ಮಾರುದ್ದದ ಕಬ್ಬಿಣದ ಪೈಪು ಸಿಕ್ಕಿಸಿ, ಇಬ್ಬರೂ ಸೇರಿ ಜಗ್ಗಿದೆವು. ಜಗ್ಗಿದಷ್ಟೂ ಅದು ಕಚ್ಚಿಕೊಂಡಿತು. ಎಡದ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಬೇರೆಲ್ಲವನ್ನೂ ಬಿಚ್ಚುವ ಕಡೆಗೆ ತಿರುಗಿಸಿದರೆ ಅದು ಬಿಗಿಯಾಗುತ್ತದೆ ಎಂದು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಅಚ್ಚಾಗಿಯೇ ಇತ್ತು. ಅಕ್ಷರ ಸಣ್ಣದು. ನನ್ನ ಓದುವ ಕನ್ನಡಕವನ್ನು ನಾನು ತರೀಕೆರೆಯಲ್ಲಿ ಬಿಟ್ಟು ಬಂದಿದ್ದೆ. ಕನ್ನಡಕದಂಗಡಿಯವನಾಗಿ, ಕನ್ನಡಕ ಇಲ್ಲದ್ದಕ್ಕೆ ಕಾಗದ ಓದಲಾಗಲಿಲ್ಲ ಎಂದು ಹೇಳಲು ನಾಚಿಕೆಯಾಗಿ ಜಗ್ಗುತ್ತಲೇ ಇದ್ದೆ. ಕೊನೆಗೆ ನನ್ನ ಅಂಗಡಿಗೆ ಹೋಗಿ, ಗಿರಾಕಿಗಳಿಗೆಂದು ಇಟ್ಟಿದ್ದ ಒಂದನ್ನು ಏರಿಸಿಕೊಂಡು ಬಂದು ಓದಿ, ಅದೇ ಪೈಪಿನಿಂದ ಹಿಮ್ಮುಖವಾಗಿ ಜಗ್ಗಿದಾಗ ಬಿಟ್ಟುಕೊಟ್ಟಿತು. "ಇದ್ನ ಮೊದ್ಲೇ ಹೇಳ್ಬಾರ್ದಾ ಬಾವ?" ಎಂದು ನಂಜುಂಡಣ್ಣ ಕೈಯಲ್ಲಿ ಎದ್ದಿದ್ದ ಬೊಬ್ಬೆ ತೋರಿಸಿದ.

ಅಂತೂ ಹೊರಟೆ. ಎಷ್ಟು ತಿಂಗಳಾಗಿತ್ತು! ಶಿವನಿ ಕಡೆಯ ರಸ್ತೆಯಲ್ಲಿ ಬೆಳಗಿನ ಗಾಳಿ ಮುಖಕ್ಕೆ ಬಡಿದಾಗ ಒಬ್ಬನೇ ನಕ್ಕುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಹ್ಯಾಂಡಲ್ಲಿನ ಮೇಲೆ ಪುಟ್ಟ ಪರದೆ, ಅದರಲ್ಲಿ ಅಂಕಿ. ಎಂಬತ್ತು ಅಂದಿತು. ಇನ್ನೂ ಶುರು, ಮೈ ಬಿಸಿಯಾಗಲಿ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಕೂಗಿಗೆ ಹೆದರಿ ಹೆದರಿಯೇ ಒಂದಿಷ್ಟು ಒತ್ತಿದೆ. ತೊಂಬತ್ತೈದು. ಇನ್ನೂ ಒತ್ತಿದೆ. ನೂರಾ ಹತ್ತು. ತೊಡೆ ಉರಿಯಿತು, ಬಾಯಿ ಒಣಗಿತು. ನೂರಾ ಹತ್ತು ಅಲ್ಲೇ ಇತ್ತು. ಪರದೆಯನ್ನು ಬೆರಳಿನಿಂದ ಒರೆಸಿ ನೋಡಿದೆ. ಹಾಲಿನ ಕ್ಯಾನು ಹೇರಿಕೊಂಡ ಮೊಪೆಡ್ಡಿನವನು ನನ್ನನ್ನು ದಾಟಿಹೋಗುತ್ತ, "ಹುಷಾರಾದ್ರಾ ಸಾರ್? ನಿಧಾನಕ್ಕೇ ಹೋಗಿ, ಅದೇ ಒಳ್ಳೇದು" ಎಂದ. ನಾನು ನಿಧಾನಕ್ಕೆ ಹೋಗುತ್ತಿರಲಿಲ್ಲ. ನನ್ನ ಕೈಲಾದಷ್ಟು ಜೋರಾಗಿಯೇ ಹೋಗುತ್ತಿದ್ದೆ.

ತಪ್ಪು ಸೈಕಲ್ಲಿನದು, ಉಕ್ಕು, ಹಳೇ ಚೈನು ಎಂದುಕೊಂಡು ಪೆಡಲನ್ನು ಬಿಚ್ಚಿ ಡಬ್ಬಿಯಲ್ಲಿಟ್ಟು ಕಡೂರಿಗೆ ತಂದು ಕಾರ್ಬನ್ನಿಗೆ ಹಾಕಿದೆ. ಎಮ್ಮೆದೊಡ್ಡಿ ರಸ್ತೆಯಲ್ಲಿ ನೂರಾ ಎಂಟು. ತರೀಕೆರೆಗೆ ಒಯ್ದು, ಬಲೂನು ಬಿಚ್ಚಿ, ಅಲ್ಯುಮಿನಿಯಮ್ಮಿಗೆ ಹಾಕಿದೆ. ನೂರಾ ಹನ್ನೊಂದು. ಮೂರಕ್ಕೂ ಒಂದೇ ಮೀಟರು ಬೇಕು ಎಂದು ಅಷ್ಟು ತಿಂಗಳು ಬಡಿದಾಡಿದ್ದೇ ನಾನು. ಮೂರಕ್ಕೂ ಒಂದೇ ಅಳತೆ ಬಂದಾಗ ತಪ್ಪು ಹಾಕಲು ನನಗೆ ಒಂದು ಸೈಕಲ್ಲೂ ಉಳಿಯಲಿಲ್ಲ. ಆಮೇಲೆ ಎಡಗಾಲಿನ ಮೇಲೆ ಅನುಮಾನ ಬಂತು. ಎಡಗಾಲು ಮೊದಲಿನಿಂದಲೂ ನನ್ನದು ಸೋಮಾರಿ, ಕೆಲಸವೆಲ್ಲ ಬಲಗಾಲೇ ಮಾಡುತ್ತದೆ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎಡದ್ದನ್ನೇ ಎರಡರಿಂದ ಗುಣಿಸುತ್ತಿದ್ದಾರೆ ಎಂದು ರಿಯಾಜ್ ಭಾಯಿಗೆ ವಿವರಿಸಿದೆ. ಅವನು ಚಹಾ ಹೀರುತ್ತ, "ಹಾಗಾದ್ರೆ ಎಡಗಾಲಲ್ಲೇ ತುಳೀರಿ ಸಾರ್, ಡಬಲ್ ಬರುತ್ತಲ್ಲ" ಎಂದ. ಮರುದಿನ ಎಡಗಾಲಿನಲ್ಲೇ ತುಳಿದೆ. ನೂರಾ ಮೂವತ್ತಾಯಿತು, ಸಂಜೆಗೆ ಮಂಡಿಯೂ ಊದಿತು.

ಮಂಡಿ ಇಳಿದ ಮೇಲೆ ಒಂದು ಭಾನುವಾರ, ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿ ಕಡೆ ಹತ್ತುತ್ತೇನೆ ಎಂದೆ. ಜಯಶೀಲ ಬೇಡ ಎನ್ನಲಿಲ್ಲ. "ಕೂಗ್ತು ಅಂದ್ರೆ ಅಲ್ಲೇ ಇಳೀಬೇಕು" ಎಂದು ಹೇಳಿ ತಾನೂ ಸ್ಕೂಟರ್ ತೆಗೆದುಕೊಂಡು ಹಿಂದೆ ಬಂದಳು. ಏರು ಶುರುವಾಯಿತು. ಅವತ್ತು ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಮೀಟರು ಒಂದು ಸಲ, ಒಂದೇ ಒಂದು ಸಲ ಕೂಗಬೇಕು. ಕೂಗಿದರೆ ಇಳಿದು, ಹೆಂಡತಿಯ ಕೈಲಿ ಬೈಸಿಕೊಂಡು, ಮರ್ಯಾದೆಯಿಂದ ಮನೆಗೆ ಹೋಗಬಹುದು. ಎದ್ದು ನಿಂತು ತುಳಿದೆ. ಹಲ್ಲು ಕಚ್ಚಿ ತುಳಿದೆ. ನೂರಾ ನಲವತ್ತು. ನೂರಾ ನಲವತ್ತಾರು. ಕಣ್ಣ ಮುಂದೆ ಕಪ್ಪು ಚುಕ್ಕೆ ಕುಣಿದಾಗ ಎಮ್ಮೆದೊಡ್ಡಿಯ ಆ ಮರದ ಬುಡ ನೆನಪಾಯಿತು, ನಿಜವಾಗಿಯೂ ಹೆದರಿಕೆಯಾಯಿತು. ಕಾಲು ತಾನಾಗಿಯೇ ಸಡಿಲವಾಯಿತು. ತೊಂಬತ್ತಕ್ಕೆ ಇಳಿಯಿತು ಅಂಕಿ. ಹಾಗೇ ನಿಂತು, ಕಣಿವೆಯನ್ನು ನೋಡುವವನಂತೆ ಸೈಕಲ್ಲಿಗೆ ಆತುಕೊಂಡು ಉಸಿರು ಹುಡುಕಿಕೊಂಡೆ. ಸ್ಕೂಟರ್ ಪಕ್ಕಕ್ಕೆ ಬಂತು. ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ಪರದೆಯ ಮೂಲೆಯಲ್ಲಿ ಉಳಿದಿದ್ದ ಅವತ್ತಿನ ಗರಿಷ್ಠ ಅಂಕಿ ನೋಡಿದಳು. ಇಡೀ ದಾರಿ ಒಂದು ಸಲವೂ ಕೂಗು ಕೇಳಿರಲಿಲ್ಲ. "ನೂರಾ ನಲವತ್ತಾರಕ್ಕೇ ನಿಲ್ಸಿದ್ರಾ?" ಎಂದಳು. ಹೂಂ ಎಂದೆ, ಅದಕ್ಕಿಂತ ಉದ್ದದ ಮಾತಿಗೆ ಉಸಿರಿರಲಿಲ್ಲ. ಅವಳು ಬೆನ್ನ ಮೇಲೆ ಕೈಯಿಟ್ಟಳು. "ನನ್ನಾಣೆ, ನೀವು ನಿಲ್ಸಲ್ಲ ಅಂದ್ಕೊಂಡಿದ್ದೆ ಕಣ್ರೀ. ಹಠಕ್ಕೆ ಬಿದ್ದು ದಾಟೇ ದಾಟ್ತೀರ ಅಂದ್ಕೊಂಡಿದ್ದೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಮ್ಮ ಮದುವೆಯಾದಂದಿನಿಂದ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ಅಂಥ ಹೊತ್ತಿನಲ್ಲಿ ನಿಜ ಹೇಳುವುದು ಹೇಗೆ, ನೀವೇ ಹೇಳಿ.

ಮುಂದಿನ ತಪಾಸಣೆಗೆ ಶಿವಮೊಗ್ಗಕ್ಕೆ ಹೋದಾಗ ಅವಳು ಫೋನಿನಲ್ಲಿದ್ದ ಎಲ್ಲ ಸವಾರಿಗಳ ಗೆರೆಗಳನ್ನೂ ಡಾಕ್ಟರ ಮುಂದಿಟ್ಟಳು. ಡಾಕ್ಟರು ಬೆರಳಾಡಿಸಿ ನೋಡಿದರು. "ಒಂದು ಸಲಾನೂ ಮಿತಿ ಹತ್ತಿರಕ್ಕೂ ಹೋಗಿಲ್ವಲ್ಲ! ಇಷ್ಟು ಸಂಯಮ ಇರೋ ಪೇಷೆಂಟನ್ನ ನಾನು ನೋಡಿಲ್ಲ. ನಂಗೇ ಬರಲ್ಲ ಇದು" ಎಂದರು. ಜಯಶೀಲ ಹಿಗ್ಗಿ ಹೀರೇಕಾಯಿಯಾದಳು. "ರಿಪೋರ್ಟ್ ಎಲ್ಲಾ ಚೆನ್ನಾಗಿದೆ, ನಿಮ್ಮನ್ನ ಇನ್ನೂ ಕಟ್ಟಿಹಾಕೋದು ತಪ್ಪು. ಇವತ್ತಿಂದ ಇನ್ನೂರಾ ಹತ್ತು ಮಾಡ್ಕೊಳ್ಳಿ, ನಿಮಗೆ ಬಹುಮಾನ ಅಂತ ಇಟ್ಕೊಳ್ಳಿ" ಎಂದರು ಡಾಕ್ಟರು. ನನಗೆ ಮುಟ್ಟಲಾಗದ ಬೇಲಿಯನ್ನು ಅವರು ನಗುನಗುತ್ತ ಇನ್ನೂ ಆಚೆಗೆ ತಳ್ಳಿದರು. "ಬೇಡ ಡಾಕ್ಟ್ರೇ, ಹಳೇದೇ ಇರ್ಲಿ" ಎಂದೆ. ಅಷ್ಟು ಪ್ರಾಮಾಣಿಕವಾದ ಮಾತನ್ನು ನಾನು ಆ ಕೋಣೆಯಲ್ಲಿ ಯಾವತ್ತೂ ಆಡಿರಲಿಲ್ಲ. ಇಬ್ಬರೂ ನನ್ನನ್ನು ನೋಡಿದ ನೋಟದಲ್ಲಿ ಇದ್ದದ್ದು ಶುದ್ಧ ಗೌರವ.

ಈಗ ನನ್ನ ಕೀರ್ತಿ ಮೂರು ಊರಿಗೂ ಹಬ್ಬಿದೆ. ಜಯಶೀಲ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾಳೆ. ತರೀಕೆರೆಯಲ್ಲಿ ರಿಯಾಜ್ ಭಾಯಿ ಹೇಳುತ್ತಾನೆ, ಅವನಿಗೆ ನಿಜ ಗೊತ್ತಿದ್ದೂ ಹೇಳುತ್ತಾನೆ. ಸಕ್ಕರೆ ಬಿಡಲಾಗದವರು, ಬೀಡಿ ಬಿಡಲಾಗದವರು, ಎದೆ ಕೊಯ್ಸಿಕೊಂಡವರು ಕಣ್ಣು ತೋರಿಸುವ ನೆಪದಲ್ಲಿ ಬಂದು ಕುರ್ಚಿಯಲ್ಲಿ ಕೂತು, "ಕೈಲಿ ಶಕ್ತಿ ಇಟ್ಕೊಂಡೂ ಅದ್ಹೆಂಗೆ ಸಾರ್ ಕಂಟ್ರೋಲ್ ಮಾಡ್ಕಂತೀರಾ? ನಮ್ಗೂ ಸ್ವಲ್ಪ ಹೇಳ್ಕೊಡಿ" ಎಂದು ಕೇಳುತ್ತಾರೆ. ನಾನು ಅವರ ಮೂಗಿನ ಮೇಲಿನ ಚೌಕಟ್ಟಿನೊಳಗೆ ಗಾಜು ಹಾಕುತ್ತ, "ಕಷ್ಟ ಕಣ್ರೀ, ಆದ್ರೆ ಅಭ್ಯಾಸ ಆಗುತ್ತೆ" ಎನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ. ಆಮೇಲೆ ಅದೇ ಗಾಜನ್ನು ತೆಗೆದು, ಒರೆಸಿ, ಮತ್ತೆ ಹಾಕಿ, ಈಗ ಚೆನ್ನಾಗಿ ಕಾಣುತ್ತಾ ಎಂದು ಕೇಳುತ್ತೇನೆ. ಮೊದಲಿಗಿಂತ ಚೆನ್ನಾಗಿ ಕಾಣುತ್ತೆ ಸಾರ್, ಅನ್ನುತ್ತಾರೆ.